ಕೆಂಪು ಚೀಲ, ನೀಲಿ ಚೀಲ

ಮೇವಿನ ಕೋಣೆಯ ಬಾಗಿಲ ಹಿಂದೆ ಸಂಶೋಧಕ ಉಸಿರು ಬಿಗಿಹಿಡಿದು ನಿಂತಿದ್ದ. ಇವತ್ತು ಮಾವ ಸಿಕ್ಕಿಬೀಳಲೇಬೇಕು.

ಮಾವ ಯಾರಿಗೂ ಮಾವನಲ್ಲ. ಹಂದಿಮರಿಗಳಿಗೆ ಮೇವು ಹಾಕುವ ಮುದುಕ. ಮರಿಗಳನ್ನು ‘ಏನ್ರಪ್ಪಾ ಅಳಿಯಂದಿರಾ’ ಎಂದು ಮಾತಾಡಿಸುತ್ತಿದ್ದುದರಿಂದ ಆ ಹೆಸರು. ಮುದುಕನೊಬ್ಬ ಮೇವು ಹಾಕುವುದನ್ನು ಕದ್ದು ನೋಡಲು ಡಾಕ್ಟರೇಟ್ ಬೇಕಿತ್ತೇ ಎಂದು ನೀವು ನಗಬಹುದು. ಸಂಶೋಧಕನಿಗೆ ನಗು ಬರುತ್ತಿರಲಿಲ್ಲ.

ಆ ಹಂದಿ ಫಾರಂನ ನಿಯಮವೇ ಹಾಗೆ. ಸ್ನಾನ ಮಾಡಿ, ಅಲ್ಲಿ ಕೊಟ್ಟ ಬಟ್ಟೆ ತೊಟ್ಟು ಒಳಗೆ ಬಂದರೆ ಮುಗಿಯಿತು. ಪ್ರಯೋಗದ ನಲವತ್ತೊಂಬತ್ತು ದಿನ ಹೊರಗೆ ಕಾಲಿಡುವಂತಿಲ್ಲ. ಮಧ್ಯೆ ಹೋದವರಿಗೆ ವಾಪಸ್ ಪ್ರವೇಶವಿಲ್ಲ. ಹೊರಗಿನ ರೋಗ ಹಂದಿಗಳಿಗೆ ತಗಲಬಾರದಲ್ಲ! ಒಂದು ಕೋಣೆ, ಎರಡು ಮಂಚ, ಹಂದಿಮನೆ, ತೂಕದ ಯಂತ್ರ, ಜೊತೆಗೆ ಗೊರಕೆ ಹೊಡೆಯುವ ಮಾವ. ಮೂರು ವಾರಕ್ಕೇ ಸಂಶೋಧಕನಿಗೆ ಗೋಡೆಗಳು ಹತ್ತಿರ ಬರುತ್ತಿವೆ ಅನ್ನಿಸತೊಡಗಿತ್ತು.

ಕಿವಿಗೆ ಕೆಂಪು ಬಿಲ್ಲೆ ಹಾಕಿದ ಇಪ್ಪತ್ತು ಮರಿಗಳಿಗೆ ಕೆಂಪು ಚೀಲದ ಮೇವು. ನೀಲಿ ಬಿಲ್ಲೆಯ ಇಪ್ಪತ್ತಕ್ಕೆ ನೀಲಿ ಚೀಲದ್ದು. ಒಂದರಲ್ಲಿ ಅವನು ಒಂಬತ್ತು ವರ್ಷ ತಲೆ ಕೆಡಿಸಿಕೊಂಡು ತಯಾರಿಸಿದ ತೂಕ ಹೆಚ್ಚಿಸುವ ಹುದುಗಿನ ಪುಡಿ ಬೆರೆಸಿರಬೇಕು. ಇನ್ನೊಂದು ಮಾಮೂಲಿ ಮೇವು. ಯಾವುದು ಯಾವುದರಲ್ಲಿ ಎಂಬುದು ಚೀಲ ತುಂಬಿಸಿದ ಹಿರಿಯ ವಿಜ್ಞಾನಿ ಮೇಡಂ ಒಬ್ಬರಿಗೇ ಗೊತ್ತು. ಗೊತ್ತಿದ್ದವನ ಕೈ ತನಗೆ ಬೇಕಾದ ಕಡೆಗೆ ವಾಲುತ್ತದೆ ಎಂಬುದು ಆ ಕಸುಬಿನವರ ಭಯ.

ಆದರೆ ಹೆತ್ತವನಿಗೆ ಮಗುವಿನ ಗುರುತು ಸಿಗದೇ ಇರುತ್ತದೆಯೇ? ಮೊದಲ ದಿನವೇ ಅವನು ಎರಡೂ ಚೀಲ ಮೂಸಿದ್ದ.

“ಕೆಂಪಿನದು ಸ್ವಲ್ಪ ಹುಳಿ ಹುಳಿ ಅಲ್ವಾ ಮಾವ?”

“ನನ್ನ ಮೂಗು ಹಂದಿಮನೇಲಿ ಸತ್ತು ಮೂವತ್ತು ವರ್ಷ ಆಯ್ತು ಸಾರ್. ನನ್ನನ್ನ ಕೇಳ್ತೀರಲ್ಲ!”

ಕೆಂಪೇ ತನ್ನದು ಎಂದು ಅವನು ತೀರ್ಮಾನಿಸಿದ. ಕೆಂಪು ಮರಿಗಳು ದಷ್ಟಪುಷ್ಟವಾಗಿ ಬೆಳೆದರೆ ಅವನ ತಾತ್ಕಾಲಿಕ ಕೆಲಸ ಖಾಯಂ. ಇಲ್ಲದಿದ್ದರೆ ಮನೆಗೆ. ಹಿಂದಿನ ಎರಡು ಪ್ರಯೋಗ ಮಣ್ಣುಪಾಲಾಗಿದ್ದವು. ಇದೇ ಕೊನೆಯದು ಎಂದು ಮೇಡಂ ಮುಖದ ಮೇಲೇ ಹೇಳಿದ್ದರು.

ಮೂರನೇ ವಾರದ ತೂಕದಲ್ಲಿ ಕೆಂಪು ಸರಾಸರಿ ಹದಿನೇಳು ಕಿಲೋ. ನೀಲಿಯೂ ಹದಿನೇಳು. ಪುಡಿ ಕೆಲಸ ಮಾಡುತ್ತಿಲ್ಲ ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಈ ಮುದುಕ ಚೀಲ ಅದಲುಬದಲು ಮಾಡುತ್ತಿದ್ದಾನೆ!

ಬಾಗಿಲ ಸಂದಿಯಲ್ಲಿ ಈಗ ಕಂಡಿತು. ಮಾವ ಕೆಂಪು ಚೀಲದಿಂದ ಒಂದು ಹಿಡಿ ತೆಗೆದು, ನೀಲಿ ಬಿಲ್ಲೆಯ ಸೊರಗಿದ ಮರಿಯೊಂದರ ಬಾಯಿಗೆ ಹಿಡಿದ.

“ಸಿಕ್ಕಿಬಿದ್ಯಲ್ಲ!”

ಮಾವ ಬೆಚ್ಚಿಬಿದ್ದ. “ಒಂದೇ ಹಿಡಿ ಸಾರ್. ಇದನ್ನ ಬೇರೆಯವು ತೊಟ್ಟಿ ಹತ್ರ ಬಿಟ್ಕೊಳ್ತಿರ್ಲಿಲ್ಲ. ಕೈಗೆ ಸಿಕ್ಕಿದ್ದು ಕೊಟ್ಟೆ. ಸಾಯೋ ಹಾಗಿತ್ತು.”

“ಎಷ್ಟು ದಿನದಿಂದ ನಡೀತಿದೆ ಇದು?”

“ಇವತ್ತೊಂದೇ ಸಲ. ನನ್ನ ಮೊಮ್ಮಗಳಾಣೆ ಸಾರ್.”

ಆಣೆಗೆ ಯಾರು ಬೆಲೆ ಕೊಡುತ್ತಾರೆ? ಸಂಶೋಧಕ ಮೇಡಂಗೆ ಫೋನು ಮಾಡಿ, ಒಂದು ಹಿಡಿಯನ್ನು ಮೂರು ವಾರ ಮಾಡಿ ಹೇಳಿದ.

“ಎರಡೂ ತೂಕ ಒಂದೇ ಬಂದಿದ್ದಕ್ಕೆ ಮಾವನೇ ಕಾರಣ ಅಂತ ನಿಮಗೆ ಖಾತ್ರಿನಾ?”

“ನೂರಕ್ಕೆ ನೂರು ಮೇಡಂ.”

“ಸರಿ, ಕಳಿಸಿ. ಉಳಿದದ್ದು ನೀವೊಬ್ಬರೇ ನೋಡ್ಕೊಳ್ಳಿ.”

ಮಾವ ಮರಿಗಳಿಗೆ ಬೆನ್ನು ಹಾಕಿ ಹೋದ. ಅವನ ಕಣ್ಣಲ್ಲಿ ನೀರಿತ್ತು. ಸಂಶೋಧಕ ಅದನ್ನು ನೋಡಿದ, ನೋಡದವನಂತೆ ಚೀಲ ಎಣಿಸತೊಡಗಿದ.

ಇನ್ನು ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಅವನೇ ಹೊತ್ತ, ಅವನೇ ಸುರಿದ, ಅವನೇ ತೂಗಿದ. ಐದನೇ ವಾರ: ಕೆಂಪು ಇಪ್ಪತ್ತೇಳು, ನೀಲಿ ಇಪ್ಪತ್ತೇಳು. ಬೈಯಲು ಈಗ ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಹೆಂಡತಿಯ ಫೋನು. “ರೀ, ಈ ಸಲನಾದ್ರೂ ಖಾಯಂ ಆಗುತ್ತಾ? ಅತ್ತೆ ದಿನಾ ಕೇಳ್ತಾರೆ. ನಾನೇನು ಹೇಳ್ಲಿ?”

“ಆಗುತ್ತೆ ಅಂತ ಹೇಳು.”

ಹೇಳಿಬಿಟ್ಟ ಮೇಲೆ ದಾರಿ ಒಂದೇ ಉಳಿಯಿತು. ತೂಕದ ಪುಸ್ತಕದಲ್ಲಿ ಪ್ರತಿ ಕೆಂಪು ಮರಿಯ ಮುಂದೆ ಎರಡು ಕಿಲೋ ಜಾಸ್ತಿ ಬರೆದ. ಇದು ಸುಳ್ಳಲ್ಲ, ಮಾವ ಕದ್ದ ತೂಕವನ್ನು ಮರಿಗಳಿಗೆ ವಾಪಸ್ ಕೊಡುತ್ತಿದ್ದೇನೆ ಎಂದು ತನಗೇ ಹೇಳಿಕೊಂಡ. ಏಳನೇ ವಾರ ಐದು ಕಿಲೋ ಬರೆಯುವಾಗ ಹಾಗೆ ಹೇಳಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಮರಿಗಳು ಲಾರಿ ಹತ್ತಿ ಬೇರೆ ಬೇರೆ ಫಾರಂಗಳಿಗೆ ಹೋದವು. ಇನ್ನು ಮತ್ತೆ ತೂಗುವವರು ಯಾರು?

ಮೇಡಂ ಕೋಣೆಯ ಹೊರಗೆ ಕಾಯುವಾಗ ಮಾತ್ರ ಹೊಸದೊಂದು ಭಯ ಹುಟ್ಟಿತು. ಕೆಂಪು ತನ್ನದಲ್ಲದಿದ್ದರೆ? ಮೂಗು ಮೋಸ ಮಾಡಿದ್ದರೆ? ಮಾಮೂಲಿ ಮೇವನ್ನು ತಾನೇ ಕೈಯಾರೆ ಗೆಲ್ಲಿಸಿದಂತಾಗುತ್ತದೆ!

ಮೇಡಂ ತೂಕದ ಪುಸ್ತಕವನ್ನು ಕೊನೆಯ ಪುಟದವರೆಗೂ ನಿಧಾನವಾಗಿ ಓದಿದರು.

“ಮಾವ ಹೋದ ಮೇಲೆ ಕೆಂಪು ಮರಿಗಳು ಭಾರೀ ಬೆಳೆದಿವೆ.”

“ಹೌದು ಮೇಡಂ.”

“ಪ್ರತಿ ತೂಕವೂ ನೀವೇ ನೋಡಿ ಬರೆದದ್ದು?”

“ನಾನೇ ಮೇಡಂ.” ಇನ್ನು ತಡೆಯಲಾಗಲಿಲ್ಲ. “ಕೆಂಪು... ಅದು ನನ್ನ ಪುಡಿ ತಾನೇ?”

ಮೇಡಂ ಕನ್ನಡಕ ತೆಗೆದರು. “ಅಸಲಿ ಪ್ರಯೋಗಕ್ಕೆ ಮುಂಚೆ ತೂಕದ ಯಂತ್ರ, ಮನೆ, ಜನ ಎಲ್ಲ ಸರಿ ಇದೆಯಾ ಅಂತ ನಾನು ಒಂದ್ಸಲ ಪರೀಕ್ಷೆ ಮಾಡ್ತೀನಿ. ನಿಮ್ಮ ಪುಡಿಯ ಡಬ್ಬಿ ಇನ್ನೂ ಒಡೆದೇ ಇಲ್ಲ. ಎರಡೂ ಚೀಲಕ್ಕೆ ತುಂಬಿಸಿದ್ದು ಒಂದೇ ಮೇವು.”