ಅಡ್ಡಪಟ್ಟಿ

ಕಾಲೇಜುಗಳ ರೋಬೋ ಕಾಳಗದಲ್ಲಿ ಯಾವ ರೋಬೋವೂ ಹದಿನೈದು ಕೆಜಿ ಮೀರುವಂತಿರಲಿಲ್ಲ. ತನುಜಾ ಕಟ್ಟಿದ್ದು ಮುನ್ನೂರು ಗ್ರಾಂ ಹೆಚ್ಚು ತೂಗಿತು.

“ಅಲ್ಯೂಮಿನಿಯಂ ಚೌಕಟ್ಟು ಸಾಕು ಅಂದಿದ್ದೆ. ನೀನೇ ಕಬ್ಬಿಣವೇ ಬೇಕು ಅಂತ ಹಟ ಹಿಡಿದೆ,” ಎಂದ ಜೊತೆಗಾರ ಚಿನ್ಮಯ.

“ಡಿಕ್ಕಿ ಹೊಡೆಯೋ ಆಟ ಕಣೋ. ಅಲ್ಯೂಮಿನಿಯಂ ಒಂದೇ ಏಟಿಗೆ ಬಾಗುತ್ತೆ.”

“ಹಾಗಾದ್ರೆ ನಡುವಿನ ಅಡ್ಡಪಟ್ಟಿ ಕತ್ತರಿಸು.”

“ಅದಿಲ್ಲದಿದ್ರೆ ಇಡೀ ಚೌಕಟ್ಟು ಮಡಚಿಕೊಳ್ಳುತ್ತೆ.”

“ಒಳಗೇ ಬಿಡದಿದ್ರೆ ಏನು ಮಾಡ್ತೀಯ?”

ವಾರಗಟ್ಟಲೆ ಕೂತು ಬೆಸೆದಿದ್ದ ಪಟ್ಟಿಯನ್ನು ತನುಜಾ ತಾನೇ ಹ್ಯಾಕ್ಸಾ ಗರಗಸದಿಂದ ಕೊಯ್ದಳು. ತೂಕ ಸರಿಹೋಯಿತು, ಒಳಗೆ ಬಿಟ್ಟರು.

ಎದುರಾಳಿಯ ಮೊದಲ ಡಿಕ್ಕಿಗೇ ರೋಬೋ ಎರಡಾಗಿ ಮಡಚಿಕೊಂಡು ಬಿತ್ತು. ಇಬ್ಬರೂ ತುಂಡುಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದಾಗ ಮೈಕಿನಲ್ಲಿ ಪ್ರಕಟಣೆ ಬಂತು:

“ಹಲವು ತಂಡಗಳ ಕೋರಿಕೆಯಂತೆ ತೂಕದ ಮಿತಿಯನ್ನು ಅರ್ಧ ಕೆಜಿ ಹೆಚ್ಚಿಸಿದ್ದೇವೆ. ಇದು ಮುಂದಿನ ಪಂದ್ಯದಿಂದ ಅನ್ವಯ.”