ಮುಚ್ಚಿದ ಒರತೆ

೧೯೭೪ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಜವನಗೊಂಡನಹಳ್ಳಿ ಕಡೆಯ ಬತ್ತಿದ ಹೊಳೆಯ ದಂಡೆಗೆ ಸರ್ಕಾರಿ ಜೀಪು ಬಂದು ನಿಂತಿತು. ಹೊಳೆ ಉಳಿಸುವ ಸಮಿತಿಯ ಕಾರ್ಯದರ್ಶಿ, ವಿಜ್ಞಾನದ ಮೇಷ್ಟ್ರು ಚಿತ್ರಲಿಂಗಪ್ಪ ಎಂಜಿನಿಯರನ್ನು ಮರಳಿಗೆ ಇಳಿಸಿಕೊಂಡರು. ಎರಡು ತಿಂಗಳಿಂದ ಊರವರೇ ಜಾಲಿ ಕಡಿದು, ಕಸ ಎತ್ತಿದ್ದರು. ಇನ್ನು ಸರ್ಕಾರ ಒಡ್ಡು ಕಟ್ಟಿಸಬೇಕಿತ್ತು.

“ಚೊಕ್ಕಟವಾಗಿದೆ. ಆದರೆ ಚೊಕ್ಕಟ ನೋಡಿ ಒಡ್ಡು ಮಂಜೂರು ಮಾಡೋಕಾಗಲ್ಲ ಮೇಷ್ಟ್ರೇ,” ಎಂದರು ಎಂಜಿನಿಯರ್. “ಮರಳಿನಡಿ ಮೂರು ಅಡಿಯೊಳಗೆ ನೀರಿರಬೇಕು. ನೀರಿಗೆ ಅಂತ ತೋಡಿದ ಒರತೆ ಇರುತ್ತಲ್ಲ, ತೋರಿಸಿ. ಅಳೆದುಬಿಡೋಣ.”

ಮೇಷ್ಟ್ರು ಸಪಾಟಾದ ಮರಳಿನ ಕಡೆ ನೋಡಿದರು. ಸಾಹೇಬರ ಕಣ್ಣಿಗೆ ಗುಂಡಿ ಬೀಳಬಾರದೆಂದು, ಇದ್ದ ಒಂದೇ ಒಂದು ಒರತೆಯನ್ನೂ ನಿನ್ನೆ ಸಂಜೆ ಅವರೇ ನಿಂತು ಮುಚ್ಚಿಸಿದ್ದರು. “ನಾಳೆ ನನ್ ಕುರಿ ಏನು ಕುಡೀಬೇಕು ಮೇಷ್ಟ್ರೇ?” ಎಂದು ಅಡ್ಡ ನಿಂತ ಕೆಂಚಕ್ಕನಿಗೆ, “ಹೊಳೆ ಅಂದ್ರೇನು ಅಂತ ನೀನು ನಂಗೆ ಹೇಳಿಕೊಡಬೇಡ, ನಡಿ,” ಎಂದು ಗದರಿದ್ದರು.

ಈಗಲೂ ಆಕೆ ಕುರಿಗಳ ನಡುವೆ ಅಲ್ಲೇ ನಿಂತಿದ್ದಳು.

“ಏನಮ್ಮ, ಇಲ್ಲಿ ಒರತೆ ಇಲ್ವಾ?” ಎಂದು ಎಂಜಿನಿಯರ್ ಆಕೆಯನ್ನೇ ಕೇಳಿದರು.

“ಐತೆ ಸ್ವಾಮಿ. ಆ ಟಗರು ಕಾಲಲ್ಲಿ ಕೆರೀತೈತಲ್ಲ, ಅಲ್ಲೇ.”

“ಮುಚ್ಚಿದ್ದು ಯಾರು?”

ಚಿತ್ರಲಿಂಗಪ್ಪ ತಲೆ ತಗ್ಗಿಸಿದರು. ಕೆಂಚಕ್ಕ ಅವರ ಮುಖವನ್ನೊಮ್ಮೆ ನೋಡಿದಳು.

“ಮರಳಲ್ವಾ ಸ್ವಾಮಿ, ಜಾರಿ ಮುಚ್ಕಂಡೈತೆ. ಅದಕ್ಕೂ ಸಾಕ್ಷಿ ಬೇಕಾ? ಒಂದು ಗಳಿಗೆ ಕುಂತ್ಕಳ್ರಿ, ತೋಡ್ತೀನಿ.”

ಕರಟ ಹಿಡಿದು ಆಕೆ ಮಂಡಿಯೂರಿದಳು. ಮೇಷ್ಟ್ರು ಇಸ್ತ್ರಿ ಅಂಗಿಯ ತೋಳು ಮಡಿಚಿ, ಆಕೆಯ ಎದುರು ಕೂತು ಬರಿಗೈಯಲ್ಲಿ ಬಗೆಯತೊಡಗಿದರು. ಬಗೆದಷ್ಟೂ ಮರಳು ಕುಸಿದು ಒಳಗೇ ಬೀಳುತ್ತಿತ್ತು.

“ಹಂಗಲ್ಲ ಮೇಷ್ಟ್ರೇ,” ಎಂದಳು ಕೆಂಚಕ್ಕ, ಸಾಹೇಬರಿಗೆ ಕೇಳಿಸದಷ್ಟು ಮೆಲ್ಲಗೆ. “ಮೊದ್ಲು ಬಾಯಿ ಅಗಲ ಮಾಡ್ಕಳ್ರಿ. ಆಮೇಲೆ ಆಳ.”

ಅವರು ಹಾಗೇ ಮಾಡಿದರು. ಮರಳು ತಣ್ಣಗಾಯಿತು, ಕಪ್ಪಾಯಿತು, ಬೆರಳಿಗೆ ನೀರು ತಾಗಿತು. ಟಗರು ಮೇಷ್ಟ್ರ ಹೆಗಲ ಮೇಲಿಂದಲೇ ಮೂತಿ ಚಾಚಿತು. ಕೆಂಚಕ್ಕ ಅದರ ಕೊಂಬು ಹಿಡಿದುಕೊಂಡಳು. “ತಡಿಯಲೇ. ಬಗ್ಗಡ ತಿಳಿಯಾಗ್ಲಿ, ಸಾಹೇಬ್ರು ಅಳೀಲಿ.”

ಎಂಜಿನಿಯರ್ ಟೇಪು ಇಳಿಬಿಟ್ಟು, ಅಳತೆ ಬರೆದುಕೊಳ್ಳಲು ಪುಸ್ತಕವನ್ನು ಮೇಷ್ಟ್ರ ಕೈಗಿತ್ತರು. ಒದ್ದೆ ಬೆರಳಿಗೆ ಹಾಳೆ ಅಂಟಿಕೊಂಡಿತು. ಕೆಂಚಕ್ಕನ ಕಡೆ ಕಣ್ಣೆತ್ತದೆ ಅವರು ಬರೆದರು: ಎರಡು ಅಡಿ ಏಳು ಇಂಚು.