ಹಾರ ಹಾಕುವ ಕೈ

ಹೆಂಗಸರು ಕೆಲಸ ಬಿಟ್ಟು ಮನೆ ಸೇರಬೇಕೆಂದು ವಾಮನಾಚಾರ್ಯರು ಧಾರವಾಡದ ವಿದ್ಯಾರ್ಥಿ ಸಮಾವೇಶದಲ್ಲಿ ಒಂದು ತಾಸು ಗುಡುಗಿದರು. ಕುರ್ಚಿಗಳಲ್ಲಿದ್ದ ಎಂಟುನೂರು ವಿದ್ಯಾರ್ಥಿಗಳೂ ಬಾಗಿಲಲ್ಲಿ ಧಿಕ್ಕಾರ ಕೂಗುತ್ತಿದ್ದವರೂ ಈಗಿನ ಎಲ್ಲ ಸಭೆಗಳಲ್ಲಿರುವಂತೆ, ತಂತಮ್ಮ ಮನೆಯಲ್ಲೇ ಕೂತವರ ಬರೀ ಬೆಳಕಿನ ಆಕೃತಿಗಳು. ಹಳೆಯ ಪದ್ಧತಿ ಬಿಡದೆ ಖುದ್ದಾಗಿ ಬರುವ ಭಾಷಣಕಾರರು ಆಚಾರ್ಯರೊಬ್ಬರೇ. ಆರು ಗಂಟೆಗೆ ಚಪ್ಪಾಳೆಯೂ ಧಿಕ್ಕಾರವೂ ಒಮ್ಮೆಲೇ ನಿಂತವು, ಆಕೃತಿಗಳು ಮಾಯವಾದವು. ಸನ್ಮಾನದ ಹಾರ ತಟ್ಟೆಯಲ್ಲೇ ಉಳಿಯಿತು. ಎಂದಿನಂತೆ ಅದನ್ನು ತಾವೇ ಹಾಕಿಕೊಳ್ಳಲು ಆಚಾರ್ಯರು ಕೈ ಚಾಚಿದರು.

“ನಾ ಹಾಕ್ಲೇನ್ರಿ, ಸರ?” ಮೈಕು ಬಿಚ್ಚಲು ಬಂದ ಸಭಾಂಗಣದ ಕೆಲಸದಾಕೆ ನೀಲವ್ವ ಕೇಳಿದಳು.

“ನನ್ನ ಭಾಷಣ ಕೇಳಿದಿಯೇನವಾ?”

“ಕೇಳೀನ್ರಿ. ಮೈಕು ಹಚ್ಚಿದಾಕಿನ ನಾನು. ತಲಿ ಬಗ್ಗಸ್ರಿ.”

ಆಚಾರ್ಯರು ಬಗ್ಗಿಸಿದರು. ಅವಳ ಬೆರಳು ಕೊರಳಿಗೆ ತಾಗಿತು; ಎಷ್ಟೋ ವರ್ಷಗಳ ಮೇಲೆ ಇನ್ನೊಬ್ಬರ ಕೈ. ಹಾರ ಬಿದ್ದ ಮೇಲೂ ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ.